ತೆರೆಯ ಹಿಂದಿನ ಕಿರೀಟ



ಕಣ್ಣಿನ ವಿಷಯವೊಂದನ್ನು ಕಿವಿಯ ದಾರಿಯಿಂದ ನಿಮ್ಮಲ್ಲಿಗೆ ತಲುಪಿಸಬೇಕಾದ ಹೊಣೆ ಈ ಹೊತ್ತು ನನ್ನದಾಗಿದೆ. ನೋಟದ ಸೊಬಗೇ ಪ್ರಧಾನವಾದ ಚಲನಚಿತ್ರಗಳನ್ನು ಕುರಿತು ಬಾನುಲಿಯಲ್ಲಿ ಮಾತನಾಡುವುದು ಕನ್ನಡಿಯನ್ನು ಮುಚ್ಚಿಟ್ಟು ಮುಖವನ್ನು ವರ್ಣಿಸಿದಂತೆ ಎಂದು ನಿಮಗೆ ತೋರಿದರೆ ಅದು ಸಹಜವೇ ಸರಿ. ಆದರೆ ನಾನು ಹೇಳಲಿರುವ ಚಿತ್ರಗಳಲ್ಲಿ ಒಂದರ ಆರಂಭವು ಬಾನುಲಿಗಾಗಿಯೇ ರಚಿತವಾಯಿತೋ ಎಂಬಂತಿದೆ. ಇಟಲಿಯ ಸೆರ್ಜಿಯೊ ಲಿಯೋನೆ 1968ರಲ್ಲಿ ನಿರ್ದೇಶಿಸಿದ ‘ಒನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್’ ಎಂಬ ಚಿತ್ರವದು. ಬಟಾಬಯಲಿನ ನಡುವೆ ಒಂದು ಒಂಟಿ ರೈಲು ನಿಲ್ದಾಣ. ಮೊಣಕಾಲಿನ ಕೆಳಗಿಳಿಯುವ ಧೂಳುಬಣ್ಣದ ನಿಲುವಂಗಿಗಳನ್ನು ತೊಟ್ಟ ಮೂವರು ಅಲ್ಲಿಗೆ ಬಂದು, ಯಾರನ್ನೋ ಕೊಲ್ಲುವುದಕ್ಕಾಗಿ, ಇನ್ನೂ ಬಾರದ ರೈಲನ್ನು ಕಾಯುತ್ತಾರೆ. ಎಣ್ಣೆ ಕಾಣದ ಗಾಳಿಯಂತ್ರವೊಂದು ಕಿರ್ರೆನ್ನುತ್ತಿರುತ್ತದೆ. ಮೇಲಿನಿಂದ ಸೋರುವ ನೀರು ಒಬ್ಬನ ಟೋಪಿಯ ಮೇಲೆ ಹನಿಹನಿಯಾಗಿ ತೊಟ್ಟಿಕ್ಕುತ್ತದೆ. ಇನ್ನೊಬ್ಬನು ಬೆರಳ ನೆಟಿಕೆ ಮುರಿಯುತ್ತಾನೆ. ಮೂರನೆಯವನ ಗಡ್ಡದ ಮೇಲೆ ನೊಣವೊಂದು ಹರಿದಾಡುತ್ತದೆ. ಅವನು ಅದನ್ನು ಪಿಸ್ತೂಲಿನ ನಳಿಗೆಯೊಳಗೆ ಸೆರೆಹಿಡಿದು, ನಳಿಗೆಯ ಬಾಯಿಯನ್ನು ಬೆರಳಿನಿಂದ ಮುಚ್ಚಿ, ಅದರ ಗುಂಯ್‌ಗಾರವನ್ನು ಕೇಳುತ್ತ ನಸುನಗುತ್ತಾನೆ. ಹೀಗೆ ಸುಮಾರು ಹತ್ತು ನಿಮಿಷ. ವಾದ್ಯಗಳಿಲ್ಲ, ಮಾತು ಇಲ್ಲವೆನ್ನುವಷ್ಟು ಕಡಿಮೆ. ಕಟ್ಟಕಡೆಗೆ ರೈಲು ಬಂದು, ನಿಂತು, ಯಾರನ್ನೂ ಇಳಿಸದೆ ಹೊರಟುಹೋದಂತೆ ಕಂಡು, ಆ ಮೂವರೂ ಬೆನ್ನು ತಿರುಗಿಸಿದ ಗಳಿಗೆಯಲ್ಲಿ, ಹಳಿಯ ಆಚೆಯ ಬದಿಯಿಂದ ಮೌತ್ ಆರ್ಗನ್ನಿನ ಒಂದು ಆರ್ತವಾದ ಎಳೆ ಕೇಳಿಬರುತ್ತದೆ.

ಬೆಂಗಳೂರಿನಲ್ಲಿ ಓದುತ್ತಿದ್ದ ಕಾಲದಲ್ಲಿ ನಾನು ಇದನ್ನು ಮೊದಲ ಸಲ ನೋಡಿದೆನು. ನನ್ನೊಡನೆ ಬಂದಿದ್ದ ಸ್ನೇಹಿತನು ಐದನೆಯ ನಿಮಿಷಕ್ಕೆ ಚಡಪಡಿಸತೊಡಗಿ, ಇದರಲ್ಲಿ ಏನೂ ಆಗುತ್ತಿಲ್ಲವಲ್ಲ ಎಂದು ಪಿಸುಗುಟ್ಟಿ, ಸ್ವಲ್ಪ ಹೊತ್ತಿನಲ್ಲಿ ಎದ್ದೇ ಹೋದನು. ನಾನು ಮಾತ್ರ ಅಲುಗಾಡದೆ ಕುಳಿತಿದ್ದೆನು. ಅಷ್ಟು ಹೊತ್ತಿನಲ್ಲಿ ಏನೂ ಆಗಲಿಲ್ಲವೆಂಬುದು ನನಗೆ ತಿಳಿಯಲೇ ಇಲ್ಲ. ಬಹಳ ದೊಡ್ಡದೊಂದು ಆಗುತ್ತಲಿದೆ ಎಂಬ ಭಾವವೇ ಎದೆಯನ್ನು ತುಂಬಿತ್ತು. ಆ ಭಾವವನ್ನು ನನಗೆ ಕಲಿಸಿಕೊಟ್ಟವರು ಯಾರು, ಅಮೇರಿಕೆಯನ್ನು ಕಂಡರಿಯದ ನನ್ನಂಥವನಿಗೆ ಆ ಒಂಟಿ ನಿಲ್ದಾಣವು ಪರಿಚಿತವಾಗಿ ಕಂಡುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ದೊರೆಯಲು ನಾನು ಊರಿಗೆ ಹಿಂದಿರುಗಿ, ಅಡಿಕೆ ತೋಟವನ್ನು ಹಿಡಿದು, ಅನೇಕ ವರ್ಷಗಳನ್ನು ಕಳೆಯಬೇಕಾಯಿತು.

ನನ್ನ ಊರು ನಿಲ್ಕುಂದ. ಸಿದ್ದಾಪುರ ತಾಲೂಕಿನಲ್ಲಿ, ಸಹ್ಯಾದ್ರಿಯ ಅಂಚಿಗೆ ಆತುಕೊಂಡು ನಿಂತ ಊರು. ಇಲ್ಲಿಂದ ಮುಂದಕ್ಕೆ ನೆಲವು ಕಾಲು ಜಾರಿದಂತೆ ಘಟ್ಟವಾಗಿ ಕುಮಟೆಯ ಕಡೆಗೆ ಇಳಿದುಹೋಗುತ್ತದೆ. ಭೀಮನವಾರೆ ಗುಡ್ಡದ ನೆತ್ತಿಯ ಮೇಲೆ ನಿಂತು ಪಡುವಣಕ್ಕೆ ನೋಡಿದರೆ, ಒಂದರ ಹಿಂದೊಂದು ಬೆಟ್ಟದ ಸಾಲುಗಳು ನೀಲಿಯಿಂದ ಬೂದಿಗೆ, ಬೂದಿಯಿಂದ ಬಿಳುಪಿಗೆ ಕರಗುತ್ತ, ಕೊನೆಯ ಸಾಲು ಬೆಟ್ಟವೋ ಮೋಡವೋ ಎಂದು ನಿಶ್ಚಯಿಸಲಾರದಂತೆ ಆಗುತ್ತದೆ. ಮಳೆಗಾಲದಲ್ಲಿ ಇದಾವುದೂ ಕಾಣದು. ಕಂಬಳಿಕೊಪ್ಪೆ ಹೊದ್ದು ಎದುರಿಗೆ ಬಂದವನು ಯಾರೆಂಬುದು ಕೂಡ ಕೆಮ್ಮಿನಿಂದ ತಿಳಿಯಬೇಕು. ಇಂಥ ಊರಿನಲ್ಲಿ ಸುಗ್ಗಿ ಮುಗಿದು ಗದ್ದೆ ಒಣಗಿತೆಂದರೆ ಆಟದ ಕಾಲ. ಯಕ್ಷಗಾನವನ್ನು ನಾವು ಆಟವೆಂದೇ ಕರೆಯುತ್ತೇವೆ. ಚಿಕ್ಕಂದಿನಲ್ಲಿ ನನ್ನನ್ನು ಅತ್ತೆಯು ಕೈಹಿಡಿದು, ಸೂಡಿಯ ಬೆಳಕಿನಲ್ಲಿ ಗದ್ದೆಯ ಹಾಳಿಯ ಮೇಲೆ ನಡೆಸಿಕೊಂಡು, ಆಟಕ್ಕೆ ಕರೆದೊಯ್ಯುತ್ತಿದ್ದಳು. ಚಾಪೆ ಹಾಸಿ, ಕಂಬಳಿಯ ಒಂದು ಮಡಿಕೆಯನ್ನು ನನ್ನ ಮೇಲೆ ಹೊದಿಸಿ, ನಿದ್ದೆ ಬಂದರೆ ಮಲಗು, ಬಣ್ಣದ ವೇಷ ಬರುವಾಗ ಎಬ್ಬಿಸುತ್ತೇನೆ ಎನ್ನುವಳು.

ಆ ಬಣ್ಣದ ವೇಷದ ಪ್ರವೇಶವನ್ನು ಕಂಡಿಲ್ಲದವರಿಗಾಗಿ ಸ್ವಲ್ಪ ವಿಸ್ತರಿಸಿ ಹೇಳುತ್ತೇನೆ. ಇಬ್ಬರು ಒಂದು ತೆರೆಯನ್ನು ಅಡ್ಡ ಹಿಡಿದು ನಿಲ್ಲುತ್ತಾರೆ. ಚಂಡೆಯು ಒಂದೇ ಸಮನೆ ಗುಡುಗುತ್ತದೆ. ತೆರೆಯ ಮೇಲಂಚಿನಲ್ಲಿ ಮೊದಲು ಕಾಣುವುದು ಕಿರೀಟದ ತುದಿ ಮಾತ್ರ. ಅದು ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗಿ ಮರೆಯಾಗುತ್ತದೆ. ಬಳಿಕ ತೆರೆಯ ಕೆಳಗೆ ಗೆಜ್ಜೆಯ ಕಾಲು. ಬಳಿಕ ತೆರೆಯ ಅಂಚನ್ನು ಹಿಡಿದ ಹತ್ತು ಬೆರಳು. ರಾಕ್ಷಸನು ನಮಗೆ ಬೆನ್ನು ಮಾಡಿ ಕುಣಿಯುತ್ತಾನೆ. ಪಂಜಿನ ಮೇಲೆ ರಾಳದ ಪುಡಿಯನ್ನು ಎರಚಿದಾಗ ಬೆಂಕಿಯು ಭುಗ್ಗೆಂದು ಆಳೆತ್ತರಕ್ಕೆ ಏಳುತ್ತದೆ. ಆ ಒಂದು ಗಳಿಗೆಯಲ್ಲಿ ಮುಖವು ಕಂಡಿತೆನ್ನುವಷ್ಟರಲ್ಲಿ ಮತ್ತೆ ಮುಚ್ಚಿಹೋಗುತ್ತದೆ. ಅವನು ಇನ್ನೂ ಒಂದು ಮಾತನ್ನು ಆಡಿಲ್ಲ, ಯಾರನ್ನೂ ಹೊಡೆದಿಲ್ಲ, ಕಥೆಯಲ್ಲಿ ಒಂದು ಹೆಜ್ಜೆಯನ್ನೂ ಇಟ್ಟಿಲ್ಲ. ಆದರೂ ನೂರಾರು ಜನರು ಉಸಿರು ಬಿಗಿಹಿಡಿದು ಆ ಬಟ್ಟೆಯ ತುಂಡನ್ನೇ ನೋಡುತ್ತಿರುತ್ತಾರೆ. ರಾಮನಿಗೂ ಧರ್ಮರಾಯನಿಗೂ ಒಡ್ಡೋಲಗದ ಪ್ರವೇಶವಿಲ್ಲವೆಂದಲ್ಲ. ಆದರೆ ಧರ್ಮದ ಎಲ್ಲೆಯನ್ನು ಮೀರಿ ಹೋದವನಿಗೆ, ಬೆಳಗಾಗುವುದರೊಳಗೆ ಸಾಯಲೇಬೇಕಾದವನಿಗೆ, ನಮ್ಮ ಹಿರಿಯರು ಇಷ್ಟು ಅವಧಿಯನ್ನೂ ಇಷ್ಟು ಬೆಳಕನ್ನೂ ಕೊಟ್ಟು, ಕೊಲ್ಲುವ ಮೊದಲು ಅವನನ್ನು ಕಣ್ತುಂಬ ನೋಡಿರಿ ಎಂದರು.

ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನನ್ನು ನೋಡಿದವರಿಗೆ ನಾನು ಏನು ಹೇಳುತ್ತಿದ್ದೇನೆಂಬುದು ತಟ್ಟನೆ ಹೊಳೆದೀತು. ಕೀಚಕನು ಮಾಡಿದ್ದು ಅಕ್ಷಮ್ಯವಾದ ಅಪರಾಧವೆಂಬುದರಲ್ಲಿ ಚಾಪೆಯ ಮೇಲೆ ಕುಳಿತವರಲ್ಲಿ ಒಬ್ಬರಿಗೂ ಸಂದೇಹವಿರಲಿಲ್ಲ. ಆದರೂ ಚಿಟ್ಟಾಣಿಯವರು ನರ್ತನಶಾಲೆಯ ಕಡೆಗೆ ಕೀಚಕನನ್ನು ನಡೆಯಿಸುವಾಗ, ಆ ನಡೆಯಲ್ಲಿ ಮರುಳಾದ ಮನುಷ್ಯನೊಬ್ಬನು ತನ್ನ ಮೃತ್ಯುವಿನ ಕಡೆಗೆ ಸಿಂಗರಿಸಿಕೊಂಡು ಹೋಗುತ್ತಿರುವುದನ್ನು ನಾವು ಕಾಣುತ್ತಿದ್ದೆವು. ಹಾಗೆಯೇ ಬೆಳಗಿನ ಜಾವದ ಗದಾಯುದ್ಧದ ಕೌರವ. ಸರೋವರದ ದಡದಲ್ಲಿ ಸರ್ವವನ್ನೂ ಕಳೆದುಕೊಂಡು ನಿಂತವನು ಬೇಗಬೇಗನೆ ಹೆಜ್ಜೆ ಹಾಕಿದರೆ ಅವನು ಬರಿಯ ಸೋತವನು. ನಿಧಾನವಾಗಿ ತಿರುಗಿ ನೋಡಿದರೆ ಅವನು ರಾಜ. ಕೃತ್ಯವನ್ನು ವಿಚಾರಿಸುವುದು ನ್ಯಾಯಸ್ಥಾನದ ಕೆಲಸ. ಕೃತ್ಯವೆಸಗಿದವನ ಮುಖವನ್ನು ನೋಡುವುದಕ್ಕೆ ಬೇರೊಂದು ಸ್ಥಾನ ಬೇಕು, ಅಲ್ಲಿ ಬೇರೊಂದು ಗತಿಯ ಕಾಲ ಬೇಕು. ಲಿಯೋನೆಯ ನಿಲ್ದಾಣದಲ್ಲಿ ನನಗೆ ಪರಿಚಿತವಾಗಿ ಕಂಡುದು ಆ ಕಾಲವೇ ಎಂದು ನಾನು ಈಗ ನಿಶ್ಚಯವಾಗಿ ಬಲ್ಲೆನು. ಗಾಳಿಯಂತ್ರದ ಕಿರುಗುಡುವಿಕೆ ನನ್ನ ಪಾಲಿಗೆ ಚಂಡೆಯಾಗಿತ್ತು. ಇನ್ನೂ ಬಾರದ ರೈಲು ತೆರೆಯಾಗಿತ್ತು.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ನಿಧಾನವೆಲ್ಲವೂ ಗುಣವಲ್ಲ. ಧಾರವಾಡದ ಸೀಮೆಯಲ್ಲಿ ಹಿಂದುಸ್ತಾನಿ ಸಂಗೀತವನ್ನು ಕೇಳಿ ಬೆಳೆದವರು ವಿಳಂಬಕ್ಕೂ ವಿಳಂಬಿತಕ್ಕೂ ಇರುವ ಅಂತರವನ್ನು ಬಲ್ಲರು. ವಿಳಂಬವೆಂದರೆ ತಡವಾಗುವುದು; ವಿಳಂಬಿತವೆಂದರೆ ಒಂದು ಮಾತ್ರೆಗೂ ಇನ್ನೊಂದು ಮಾತ್ರೆಗೂ ನಡುವೆ ಮನುಷ್ಯನು ವಾಸಮಾಡುವಷ್ಟು ಸ್ಥಳವನ್ನು ಮಾಡಿಕೊಡುವುದು. ಮಲ್ಲಿಕಾರ್ಜುನ ಮನಸೂರರು ರಾಗವೊಂದನ್ನು ಎತ್ತಿಕೊಂಡರೆ ತಾಳದ ಸುತ್ತು ಬಂದು ಸೇರುವ ಸಮವು ಎಂದು ಬಂದೀತೆಂಬ ಆತುರವು ನಮಗೆ ಇರುತ್ತಿರಲಿಲ್ಲ, ಆದರೆ ಅದು ಬರುವುದೆಂಬ ಅರಿವು ಒಂದು ಕ್ಷಣವೂ ತಪ್ಪುತ್ತಿರಲಿಲ್ಲ. ಎಲ್ಲೆ ಮೀರಿದವರನ್ನು ನಿಧಾನವಾಗಿ ನೋಡುವ ಈ ಬಗೆಯ ಚಿತ್ರಗಳಲ್ಲಿ ಸಮವೆಂದರೆ ಗುಂಡಿನ ಸಪ್ಪಳ. ಅದು ಬಂದೇ ಬರುವುದೆಂದು ಬಲ್ಲ ನಿರ್ದೇಶಕನ ನಿಧಾನವು ನಮ್ಮನ್ನು ಎಚ್ಚರವಾಗಿಡುತ್ತದೆ. ಅದನ್ನು ಮರೆತವನ ನಿಧಾನವು ನಿದ್ದೆಯನ್ನು ತರುತ್ತದೆ. ಬಿಸಿಲು, ಧೂಳು, ಸೂರ್ಯಾಸ್ತಗಳನ್ನು ಒಟ್ಟುಗೂಡಿಸಿ, ನಡುವೆ ಮನುಷ್ಯನನ್ನು ಇಡಲು ಮರೆತ ಚಿತ್ರಗಳೂ ಬೇಕಾದಷ್ಟಿವೆ. ಅವು ನನ್ನ ವಿಷಯವಲ್ಲ.

ಕನ್ನಡದಲ್ಲಿ ಇಂಥದು ಇಲ್ಲವೆ? ಇದೆ, ಮತ್ತು ಅದರ ಬೇರು ನಮ್ಮ ಮನೆಯಂಗಳದಲ್ಲಿಯೇ ಇದೆ. ಗಿರೀಶ ಕಾರ್ನಾಡರು 1938ರಲ್ಲಿ ಮಾಥೇರಾನಿನಲ್ಲಿ ಹುಟ್ಟಿದರೂ, ಅವರ ಬಾಲ್ಯವು ಕಳೆದದ್ದು ಶಿರಸಿಯಲ್ಲಿ. ಅವರ ತಂದೆ ಸರಕಾರಿ ವೈದ್ಯರು. ನಾಟಕ ಕಂಪನಿಗಳನ್ನೂ ಯಕ್ಷಗಾನವನ್ನೂ ಹುಡುಗನಾಗಿದ್ದಾಗ ಶಿರಸಿಯಲ್ಲಿ ಕಂಡುದು ತಮ್ಮನ್ನು ಹೇಗೆ ರೂಪಿಸಿತೆಂಬುದನ್ನು ಅವರು ಮತ್ತೆಮತ್ತೆ ನೆನೆದಿದ್ದಾರೆ. ಅವರ ಆತ್ಮಕಥನವಾದ ‘ಆಡಾಡತ ಆಯುಷ್ಯ’ದಲ್ಲಿಯೂ ಶಿರಸಿಯ ದಿನಗಳು ಬಂದಿವೆ. ಆ ಹುಡುಗನು ದೊಡ್ಡವನಾಗಿ 1978ರಲ್ಲಿ ‘ಒಂದಾನೊಂದು ಕಾಲದಲ್ಲಿ’ ಎಂಬ ಚಿತ್ರವನ್ನು ನಿರ್ದೇಶಿಸಿದನು. ಹೊಯ್ಸಳರ ಕಾಲದ ಕಥೆ. ಅರಸರ ದೊಡ್ಡ ಕಾಳಗಗಳು ಅಲ್ಲಿಲ್ಲ. ದಾಯಾದಿಗಳಾದ ಸಣ್ಣ ಪಾಳೆಯಗಾರರ ಹಗೆತನದ ನಡುವೆ ಕೂಲಿಗೆ ಕತ್ತಿ ಹಿಡಿದು ಬಾಳುವ ಗಂಡುಗಲಿ ಎಂಬವನ ಕಥೆ ಅದು. ಎದುರು ಪಕ್ಷದಲ್ಲಿ ವಯಸ್ಸಾದ ಪೆರ್ಮಾಡಿ. ಯಾವ ಪ್ರಭುವಿಗೂ ಮನಸ್ಸನ್ನು ಮಾರದ, ಆದರೆ ತೋಳನ್ನು ಮಾರಲೇಬೇಕಾದ ಈ ಇಬ್ಬರು ಒಬ್ಬರನ್ನೊಬ್ಬರು ಅಳೆಯುವ ಪರಿಯೇ ಚಿತ್ರದ ಜೀವಾಳ. ಪೆರ್ಮಾಡಿಯಾಗಿ ಸುಂದರಕೃಷ್ಣ ಅರಸರ ಗಂಭೀರವಾದ ನಿಲುವು ಒಂದು ಕಡೆ. ಗಂಡುಗಲಿಯಾಗಿ, ಅದುವರೆಗೆ ಬೆಳ್ಳಿತೆರೆಯ ಮೇಲೆ ಕಾಣಿಸಿಕೊಳ್ಳದಿದ್ದ, ಹೊನ್ನಾವರದ ಸೀಮೆಯಲ್ಲಿ ಹುಟ್ಟಿದ ಶಂಕರನಾಗ್ ಇನ್ನೊಂದು ಕಡೆ. ಆ ಅಭಿನಯಕ್ಕಾಗಿ ಶಂಕರನಾಗ್ ಅವರಿಗೆ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟನ ಪ್ರಶಸ್ತಿ ಬಂದಿತು. ಘಟ್ಟದ ಮೇಲಿನ ಶಿರಸಿಯಲ್ಲಿ ಬೆಳೆದವನೊಬ್ಬನು, ಘಟ್ಟದ ಕೆಳಗೆ ಹುಟ್ಟಿದವನೊಬ್ಬನು, ಇಬ್ಬರೂ ಕೂಡಿ ಮಾಡಿದ ಚಿತ್ರವೆಂದು ನೆನೆದಾಗ ನನಗೆ ನಮ್ಮೂರಿನ ಘಟ್ಟದ ದಾರಿಯೇ ನೆನಪಾಗುತ್ತದೆ.

ಈ ಚಿತ್ರವು ಜಪಾನಿನ ಅಕಿರಾ ಕುರೊಸಾವಾ ಎಂಬ ಮಹಾನಿರ್ದೇಶಕನಿಗೆ ಋಣಿಯೆಂಬುದು ಪ್ರಸಿದ್ಧವಾದ ಸಂಗತಿ. ಅದೇ ಕುರೊಸಾವಾನ 1961ರ ‘ಯೊಜಿಂಬೊ’ ಚಿತ್ರದ ಕಥೆಯನ್ನು ಲಿಯೋನೆ ಅನುಮತಿಯಿಲ್ಲದೆ ಎತ್ತಿಕೊಂಡು 1964ರಲ್ಲಿ ‘ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್’ ತೆಗೆದುದು, ಅದರ ಮೇಲೆ ವ್ಯಾಜ್ಯವಾದುದು, ಎಲ್ಲವೂ ಚಿತ್ರರಂಗದ ಇತಿಹಾಸಕ್ಕೆ ಸೇರಿವೆ. ಆ ಕುರೊಸಾವಾನೂ ಅಮೇರಿಕೆಯ ಜಾನ್ ಫೋರ್ಡ್‌ನ ಕುದುರೆಸವಾರರ ಚಿತ್ರಗಳನ್ನು ಭಕ್ತಿಯಿಂದ ನೋಡಿದವನು. ಹಾಗಾದರೆ ಅಮೇರಿಕೆಯ ಬಯಲಿನಿಂದ ಜಪಾನಿಗೆ, ಜಪಾನಿನಿಂದ ಒಂದು ಕವಲು ಇಟಲಿಗೆ, ಇನ್ನೊಂದು ಕವಲು ಕನ್ನಡ ನಾಡಿಗೆ ಹರಿದುಬಂದಿತೆಂದಾಯಿತು. ಲಿಯೋನೆಯೂ ಕಾರ್ನಾಡರೂ ಒಬ್ಬ ಗುರುವಿನ ಇಬ್ಬರು ಶಿಷ್ಯರಾದರು. ಹೆಸರುಗಳನ್ನೇ ನೋಡಿರಿ. ಲಿಯೋನೆಯ ಚಿತ್ರದ ಹೆಸರಿನ ಮೊದಲರ್ಧವನ್ನು ಕನ್ನಡಿಸಿದರೆ ಬರುವುದು ‘ಒಂದಾನೊಂದು ಕಾಲದಲ್ಲಿ’ ಎಂದೇ. ಅಜ್ಜಿಯರು ಕಥೆಯನ್ನು ಆರಂಭಿಸುವ ಮಾತು ಅದು. ಆ ಮಾತನ್ನು ಕೇಳಿದ ಕೂಡಲೇ ಮಗುವು ಇನ್ನು ಆತುರಪಡಬೇಕಾಗಿಲ್ಲವೆಂದು ತಿಳಿದು ಕಾಲು ಚಾಚಿ ಮಲಗಿಕೊಳ್ಳುತ್ತದೆ.

ಕನ್ನಡ ನೆಲದಲ್ಲಿ ಚಿತ್ರಿತವಾದ ಇನ್ನೊಂದನ್ನು ಬಿಡುವಂತಿಲ್ಲ. 1973ರ ಅಕ್ಟೋಬರಿನಲ್ಲಿ ರಮೇಶ ಸಿಪ್ಪಿಯವರು ರಾಮನಗರದ ಬಂಡೆಗಳ ನಡುವೆ ‘ಶೋಲೆ’ಯ ಚಿತ್ರೀಕರಣವನ್ನು ಆರಂಭಿಸಿದರು, ಚಿತ್ರವು 1975ರ ಆಗಸ್ಟ್ 15ರಂದು ಬಿಡುಗಡೆಯಾಯಿತು. ಅದು ಜನರನ್ನು ನಗಿಸುವ, ಕುಣಿಸುವ, ರಭಸದ ಚಿತ್ರವೆಂಬುದು ನಿಜವಾದರೂ, ಅದರಲ್ಲಿ ನನ್ನ ಮನಸ್ಸಿನಲ್ಲಿ ಉಳಿದಿರುವುವು ನಿಧಾನದ ಎರಡು ಸಂದರ್ಭಗಳೇ. ಒಂದು, ಬಂಡೆಯ ಮೇಲೆ ಬೂಟಿನ ಕಾಲುಗಳು ಹೆಜ್ಜೆಯಿಡುವಾಗ ಕೈಯಲ್ಲಿ ಜೋತ ಬೆಲ್ಟು ಕಲ್ಲಿಗೆ ಉಜ್ಜುವ ಸಪ್ಪಳ. ಡಕಾಯಿತ ಗಬ್ಬರನ ಮುಖವನ್ನು ನಾವು ಕಾಣುವುದು ಅನಂತರ. ಅದು ಬಣ್ಣದ ವೇಷದ ಪ್ರವೇಶವಲ್ಲದೆ ಮತ್ತೇನು? ಎರಡು, ಸಂಜೆಯ ಹೊತ್ತು ವಿಧವೆಯಾದ ಸೊಸೆಯು ಮನೆಯ ಉಪ್ಪರಿಗೆಯಲ್ಲಿ ದೀಪಗಳನ್ನು ಒಂದೊಂದಾಗಿ ನಂದಿಸುವುದು, ಕೆಳಗೆ ಮೆಟ್ಟಿಲ ಮೇಲೆ ಕುಳಿತ, ಸೆರೆಮನೆಯನ್ನು ಕಂಡುಬಂದ ಒಬ್ಬನು ಮೌತ್ ಆರ್ಗನ್ ನುಡಿಸುವುದು. ಸೂರ್ಯ ಮುಳುಗಿದ ಮೇಲೆ ಕತ್ತಲೆ ಕವಿಯುವ ಮೊದಲು ಸಿಕ್ಕುವ ಕೆಲವೇ ನಿಮಿಷಗಳ ಬೆಳಕಿನಲ್ಲಿಯೇ ಅದನ್ನು ತೆಗೆಯಬೇಕೆಂದು ಛಾಯಾಗ್ರಾಹಕ ದ್ವಾರಕಾ ದಿವೇಚಾ ಅವರು ಹಿಡಿದ ಹಠದಿಂದಾಗಿ ಆ ಒಂದು ಪ್ರಸಂಗಕ್ಕೆ ಸುಮಾರು 20 ದಿನಗಳು ಬೇಕಾದುವೆಂದು ಹೇಳುತ್ತಾರೆ. ಇಪ್ಪತ್ತು ಸಂಜೆಗಳ ಬೆಳಕನ್ನು ಒಂದು ಸಂಜೆಯಾಗಿ ನೇಯ್ದರೆ ಎಂಥ ಸಾಂದ್ರತೆ ಬರುವುದೆಂಬುದಕ್ಕೆ ಅದು ಸಾಕ್ಷಿ.

ರಾಮನಗರದ ಬೋಳುಬಂಡೆ, ಲಿಯೋನೆಯು ಅಮೇರಿಕೆಯೆಂದು ತೋರಿಸಿದ ಸ್ಪೇನಿನ ಅಲ್ಮೇರಿಯಾದ ಕುರುಚಲು ನೆಲ, ಇವು ಈ ಬಗೆಯ ಚಿತ್ರಗಳಿಗೆ ಸಹಜವಾಗಿ ಒದಗಿಬರುತ್ತವೆ. ಏಕೆಂದರೆ ಅಲ್ಲಿ ಮರೆಯೇ ಇಲ್ಲ. ಹರದಾರಿ ದೂರದಲ್ಲಿ ಕುದುರೆಯೊಂದು ಧೂಳೆಬ್ಬಿಸಿದರೆ ಇಲ್ಲಿ ಕುಳಿತವನಿಗೆ ಕಾಣುತ್ತದೆ, ಆ ಕುದುರೆ ಬಂದು ಮುಟ್ಟುವವರೆಗೂ ಅವನು ಯೋಚಿಸುತ್ತ ಕುಳಿತಿರಬೇಕಾಗುತ್ತದೆ. ನಮ್ಮ ಘಟ್ಟದಲ್ಲಿ ಹಾಗಿಲ್ಲ. ಇಲ್ಲಿ ಮೂರು ಮಾರು ದೂರದವನು ಕಾಣನು. ಆದರೆ ಅವನು ತರಗೆಲೆಯ ಮೇಲೆ ಕಾಲಿಟ್ಟುದು, ಅವನನ್ನು ಕಂಡು ಮಂಗಟ್ಟೆ ಹಕ್ಕಿ ರೆಕ್ಕೆ ಬೀಸಿ ಹಾರಿದುದು, ಜೀರುಂಡೆಗಳ ಹಿಮ್ಮೇಳವು ಒಮ್ಮೆಗೇ ನಿಂತುದು, ಇವೆಲ್ಲ ಕೇಳಿಸುತ್ತವೆ. ಉಂಚಳ್ಳಿಯ ಬಳಿ ಅಘನಾಶಿನಿಯು 116 ಮೀಟರು ಧುಮುಕುವ ಜಾಗವನ್ನು ಇಲ್ಲಿಯ ಜನ ಕೆಪ್ಪ ಜೋಗವೆಂದು ಕರೆದರು: ಕಣ್ಣಿಗೆ ಅಷ್ಟು ರಮ್ಯವಾದುದಕ್ಕೆ ಕಿವಿಯಿಂದ ಹುಟ್ಟಿದ ಹೆಸರನ್ನು ಇಟ್ಟರು. ಮಲೆನಾಡಿನಲ್ಲಿ ಇಂಥ ಚಿತ್ರವನ್ನು ತೆಗೆಯುವವನು ಮಂಜು, ಸೋನೆ, ಸದ್ದುಗಳಿಂದ ಅದನ್ನು ಕಟ್ಟಬೇಕಾದೀತು. ಅಂಥ ಚಿತ್ರವು ಇನ್ನೂ ಬರಬೇಕಾಗಿದೆಯೆಂದು ನನ್ನ ಅಭಿಪ್ರಾಯ. ಕರಾವಳಿಯಲ್ಲಿ ರಕ್ಷಿತ್ ಶೆಟ್ಟಿಯವರು 2014ರಲ್ಲಿ ‘ಉಳಿದವರು ಕಂಡಂತೆ’ಯ ಮೂಲಕ ಮಲ್ಪೆಯ ಕಡಲಿಗೂ ಹುಲಿವೇಷಕ್ಕೂ ಈ ಕಣ್ಣನ್ನು ತಿರುಗಿಸಿದ್ದಾರೆ, ಘಟ್ಟದ ಮೇಲಿನವರ ಸರದಿ ಉಳಿದಿದೆ.

ಈ ಚಿತ್ರಗಳ ನಾಯಕರಿಗೆ ಸಲ್ಲುವ ಕಾನೂನಿನ ಹೊರಗಿನವನು ಎಂಬ ಮಾತು ನಮ್ಮ ತಾಲೂಕಿನಲ್ಲಿ ಒಂದು ಕಾಲಕ್ಕೆ ನಿಂದೆಯಾಗಿರಲಿಲ್ಲ ಎಂಬುದನ್ನೂ ನೆನೆಯಬೇಕು. 1930ರ ದಶಕದ ಮೊದಲ ವರ್ಷಗಳಲ್ಲಿ ಸಿದ್ದಾಪುರ, ಅಂಕೋಲೆ ತಾಲೂಕುಗಳ ರೈತರು ಕರನಿರಾಕರಣೆಗೆ ಇಳಿದು, ಜಪ್ತಿಯಾದ ಮನೆ ತೋಟಗಳನ್ನು ಬಿಟ್ಟು, ಸೆರೆಮನೆಗೆ ಹೋದರು. ಹರಾಜಿನಲ್ಲಿ ಆ ಆಸ್ತಿಗಳನ್ನು ಕೊಂಡವರ ಮನೆಯ ಮುಂದೆ 1932ರಲ್ಲಿ ಮಾವಿನಗುಂಡಿಯಲ್ಲಿ ಹೆಂಗಸರು ಉಪವಾಸ ಕುಳಿತರು. ಮಳೆಯಲ್ಲಿಯೂ ಚಳಿಯಲ್ಲಿಯೂ ಒಂದು ಮಾತಾಡದೆ ಬಾಗಿಲ ಮುಂದೆ ಕುಳಿತಿರುವುದು: ಇದಕ್ಕಿಂತ ನಿಧಾನವಾದ, ಇದಕ್ಕಿಂತ ಪ್ರಬಲವಾದ ಎದುರುಬದುರು ನಿಲ್ಲುವಿಕೆಯನ್ನು ನಾನು ಯಾವ ಚಿತ್ರದಲ್ಲಿಯೂ ಕಂಡಿಲ್ಲ. ಕಾನೂನು ಒಂದು, ಧರ್ಮ ಇನ್ನೊಂದು ಆಗಬಹುದೆಂಬ ಅರಿವು ನಮ್ಮ ಅಜ್ಜಂದಿರಿಗೆ ಪುಸ್ತಕದಿಂದ ಬಂದದ್ದಲ್ಲ.

ಆದರೆ ಎಲ್ಲೆ ಮೀರಿದವರೆಲ್ಲರೂ ಒಂದೇ ಅಲ್ಲ. 2000ದ ಜುಲೈ 30ರ ರಾತ್ರಿ ಗಾಜನೂರಿನ ಮನೆಯಿಂದ ಡಾ. ರಾಜ್‌ಕುಮಾರರನ್ನು ಕಾಡುಗಳ್ಳ ವೀರಪ್ಪನ್ ಹೊತ್ತೊಯ್ದ ಮೇಲೆ ನಾವು ಕಳೆದ 108 ದಿನಗಳನ್ನು ಯಾರು ಮರೆತಾರು? ಬೆಳಿಗ್ಗೆ ಏಳುತ್ತಲೇ ಬಾನುಲಿಯ ಕಿವಿ ಹಿಂಡಿ ವಾರ್ತೆಗಾಗಿ ಕಾಯುವುದು, ಏನೂ ಇಲ್ಲವೆಂದು ತಿಳಿದು ತೋಟಕ್ಕೆ ಹೋಗುವುದು, ಮಧ್ಯಾಹ್ನ ಮತ್ತೆ ಕಾಯುವುದು. ಅದೂ ಕಾಯುವಿಕೆಯೇ, ಆದರೆ ಅದರಲ್ಲಿ ಸೌಂದರ್ಯದ ಒಂದು ಕಣವೂ ಇರಲಿಲ್ಲ. ಶರಣಾಗುವನೆಂದು ನಂಬಿ 1991ರಲ್ಲಿ ನಿಶ್ಶಸ್ತ್ರನಾಗಿ ಅವನಿದ್ದ ಕಾಡಿಗೆ ಹೋದ ಅರಣ್ಯಾಧಿಕಾರಿ ಪಿ. ಶ್ರೀನಿವಾಸರನ್ನು ಅವನು ಕೊಂದ ಬಗೆಯನ್ನು ಬಲ್ಲ ಯಾವನೂ ಆ ಮನುಷ್ಯನಿಗೆ ಕಿರೀಟವನ್ನು ತೊಡಿಸಲಾರನು. ಸುಂದರವಾಗಿ ತೋರಿಸಿದರೆ ಕೇಡಿಗನು ಪೂಜ್ಯನಾಗಿಬಿಡುವನೆಂಬ ಭಯವನ್ನು ಕೆಲವರು ವ್ಯಕ್ತಪಡಿಸುತ್ತಾರೆ. ಆ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ನನ್ನ ಅನುಭವವು ಹೇಳುವುದಿಷ್ಟೆ: ರಭಸದ ಚಿತ್ರವು ಕೊಲೆಯನ್ನು ಕ್ಷಣಾರ್ಧದಲ್ಲಿ ಮುಗಿಸಿ ನಮ್ಮ ಕೈಯಿಂದ ಚಪ್ಪಾಳೆಯನ್ನು ಕಿತ್ತುಕೊಳ್ಳುತ್ತದೆ, ನಿಧಾನದ ಚಿತ್ರವು ಕೊಲೆಯ ಮೊದಲಿನ ಉಸಿರನ್ನೂ ಅನಂತರದ ಮೌನವನ್ನೂ ನಮ್ಮ ಮುಂದೆ ಹರಡುವುದರಿಂದ ಚಪ್ಪಾಳೆಗೆ ಕೈ ಏಳುವುದಿಲ್ಲ.

ಇದನ್ನು ನಾನು ಕಂಡುಕೊಂಡುದು ಆಂಡ್ರ್ಯೂ ಡೊಮಿನಿಕ್ 2007ರಲ್ಲಿ ತೆಗೆದ ಚಿತ್ರದಿಂದ. ಅದರ ಹೆಸರು ಬಹು ಉದ್ದ: ‘ದಿ ಅಸ್ಯಾಸಿನೇಶನ್ ಆಫ್ ಜೆಸ್ಸಿ ಜೇಮ್ಸ್ ಬೈ ದ ಕವರ್ಡ್ ರಾಬರ್ಟ್ ಫೋರ್ಡ್’. ಎಂದರೆ ಯಾರು ಸಾಯುವರು, ಯಾರು ಕೊಲ್ಲುವರು, ಕೊಂದವನನ್ನು ಲೋಕವು ಏನೆಂದು ಕರೆಯಿತು, ಎಲ್ಲವೂ ಹೆಸರಿನಲ್ಲಿಯೇ ಬಂದುಹೋಯಿತು. ನಮ್ಮ ಪ್ರಸಂಗಗಳ ‘ಕೀಚಕ ವಧೆ’, ‘ಕರ್ಣಪರ್ವ’ಗಳ ಹಾಗೆ. ಇನ್ನು ಉಳಿದಿರುವುದು ನೋಡುವುದೊಂದೇ. ಜೆಸ್ಸಿ ಜೇಮ್ಸ್ ನಿಜವಾಗಿಯೂ ಇದ್ದ ದರೋಡೆಗಾರ; 1882ರ ಏಪ್ರಿಲ್ 3ರಂದು, ತನ್ನ 34ನೆಯ ವಯಸ್ಸಿನಲ್ಲಿ, ಸೇಂಟ್ ಜೋಸೆಫ್ ಎಂಬ ಊರಿನ ಬಾಡಿಗೆ ಮನೆಯಲ್ಲಿ, ಸುಳ್ಳು ಹೆಸರಿನಿಂದ ಬಾಳುತ್ತಿದ್ದಾಗ, ಗೋಡೆಯ ಮೇಲಿನ ಪಟವೊಂದನ್ನು ಸರಿಪಡಿಸಲು ಕುರ್ಚಿಯನ್ನು ಹತ್ತಿದಾಗ, ತನ್ನ ಗುಂಪಿನವನೇ ಆದ ರಾಬರ್ಟ್ ಫೋರ್ಡನಿಂದ ಬೆನ್ನ ಹಿಂದಿನಿಂದ ಗುಂಡು ತಿಂದು ಸತ್ತನು.

ಒಂದು ಆಷಾಢದಲ್ಲಿ, ಮಳೆ ಹಿಡಿದು ಕೂತ ನಾಲ್ಕನೆಯ ದಿನ, ತಮ್ಮನ ಮಗನು ಬಿಟ್ಟುಹೋಗಿದ್ದ ಆ ಚಿತ್ರವನ್ನು ನಾನು ಮನೆಯಲ್ಲಿ ಹಾಕಿಕೊಂಡು ಕುಳಿತಿದ್ದೆನು. ಅತ್ತೆಗೆ ಆಗ ಎಂಬತ್ತು ದಾಟಿತ್ತು. ಇಂಗ್ಲಿಷಿನ ಒಂದಕ್ಷರವೂ ಅವಳಿಗೆ ಬಾರದು. ಜಗಲಿಯ ಮೂಲೆಯಲ್ಲಿ ಹತ್ತಿ ಹಿಡಿದು ಹೂಬತ್ತಿ ಹೊಸೆಯುತ್ತಿದ್ದವಳು, ರೈಲು ದರೋಡೆಯ ಪ್ರಸಂಗ ಬಂದಾಗ ಕೈಯನ್ನು ನಿಲ್ಲಿಸಿದಳು. ರೋಜರ್ ಡೀಕಿನ್ಸ್ ಎಂಬ ಛಾಯಾಗ್ರಾಹಕನು ಅದನ್ನು ತೆಗೆದ ಬಗೆಯನ್ನು ಏನೆಂದು ಹೇಳಲಿ! ಕಗ್ಗತ್ತಲೆಯ ಕಾಡು. ಮುಖಕ್ಕೆ ಚೀಲದ ಮುಸುಕು ಹಾಕಿಕೊಂಡ ಮನುಷ್ಯರು ಮರಗಳ ನಡುವೆ ಮರಗಳಂತೆಯೇ ನಿಂತಿದ್ದಾರೆ. ದೂರದಲ್ಲಿ ರೈಲಿನ ದೀಪವೊಂದು ತಿರುವಿನಲ್ಲಿ ಹುಟ್ಟಿ, ಮರದ ಕಾಂಡಗಳ ನಡುವೆ ಬೆಳಕಿನ ಪಟ್ಟೆಗಳನ್ನು ಹಾಯಿಸುತ್ತ, ಆ ಮುಸುಕುಗಳನ್ನು ಒಂದೊಂದಾಗಿ ಬೆಳಗಿಸಿ ಮತ್ತೆ ಕತ್ತಲೆಗೆ ಬಿಡುತ್ತ, ಹತ್ತಿರ ಹತ್ತಿರ ಬರುತ್ತದೆ. ಹಳಿಯ ಮೇಲೆ ಜೆಸ್ಸಿಯು ಕಂದೀಲನ್ನು ಹಿಡಿದು ನಿಂತಿದ್ದಾನೆ. ಉಗಿಯು ಎದ್ದು ಅವನನ್ನು ಮುಚ್ಚುತ್ತದೆ. ಇಂಗ್ಲಿಷು ತಿಳಿಯದೆಂದು ಬೇಸರಪಟ್ಟುಕೊಂಡಾಳೆಂದು ನಾನು ಅವಳಿಗೆ ಕಥೆಯನ್ನು ವಿವರಿಸಲು ಬಾಯಿ ತೆರೆದೆನು. ಅವಳು ಕೈಯೆತ್ತಿ ನನ್ನನ್ನು ತಡೆದು, “ತಡಿಯಾ ತಮಾ, ಇನ್ನೂ ತೆರೆ ತೆಗದ್ವಿಲ್ಲೆ” ಎಂದಳು.

ಆಮೇಲೆ ನಾನು ಬಾಯಿ ಬಿಡಲಿಲ್ಲ. ಗೋಧಿಯ ಹೊಲದ ಮೇಲೆ ಗಾಳಿ ಬೀಸುವುದನ್ನು, ಆಕಾಶದಲ್ಲಿ ಮೋಡಗಳು ಓಡುವುದನ್ನು, ಕಿಟಕಿಯ ಹಳೆಯ ಗಾಜಿನ ಹಿಂದೆ ಜೆಸ್ಸಿಯ ಮುಖವು ಅಲೆಯಲೆಯಾಗುವುದನ್ನು ನಾವಿಬ್ಬರೂ ನೋಡುತ್ತ ಕುಳಿತೆವು. ತನ್ನವರೆಲ್ಲರನ್ನೂ ಅವನು ಸಂಶಯಿಸುವುದನ್ನು, ಫೋರ್ಡನೆಂಬ ಆ ಹುಡುಗನು ಅವನನ್ನು ಪ್ರೀತಿಸಿ, ಹೆದರಿ, ಅವನೇ ಆಗಬೇಕೆಂದು ಹಂಬಲಿಸಿ, ಕೊನೆಗೆ ಕೊಲ್ಲಬೇಕೆಂದು ನಿಶ್ಚಯಿಸುವುದನ್ನು ಮಾತಿನ ಸಹಾಯವಿಲ್ಲದೆ ಅವಳು ತಿಳಿದುಕೊಂಡಳು. ಏಪ್ರಿಲಿನ ಆ ಬೆಳಿಗ್ಗೆ ಬಂದಿತು. ಜೆಸ್ಸಿಯು ಸೊಂಟದ ಪಿಸ್ತೂಲುಗಳನ್ನು ಬಿಚ್ಚಿಟ್ಟನು. ಪಟದ ಕಡೆಗೆ ನೋಡಿದನು. ಕುರ್ಚಿಯನ್ನು ಎಳೆದು ಹತ್ತಿದನು. ಅಷ್ಟರಲ್ಲಿ ಘಟ್ಟದಲ್ಲಿ ಎಲ್ಲಿಯೋ ಮರ ಬಿದ್ದು ವಿದ್ಯುತ್ತು ಹೋಯಿತು.

ಕತ್ತಲೆಯಲ್ಲಿ ಮಳೆಯ ಸದ್ದೊಂದೇ ಉಳಿಯಿತು. ನಾನು ಕಂದೀಲನ್ನು ಹಚ್ಚಿ ತಂದೆನು. ಅತ್ತೆಯು ಬಹಳ ಹೊತ್ತು ಸುಮ್ಮನಿದ್ದು, ಬಿಟ್ಟ ಬತ್ತಿಯನ್ನು ಮತ್ತೆ ಕೈಗೆ ತೆಗೆದುಕೊಂಡು, “ಅಂವಂಗೆ ಗೊತ್ತಿದ್ದು” ಎಂದಳು. ಬೆನ್ನ ಹಿಂದೆ ನಿಂತವನು ಏನು ಮಾಡಲಿರುವನೆಂಬುದು ಜೆಸ್ಸಿಗೆ ಗೊತ್ತಿತ್ತೆ, ಗೊತ್ತಿದ್ದೂ ಕುರ್ಚಿಯನ್ನು ಹತ್ತಿದನೆ ಎಂಬುದನ್ನು ಕುರಿತು ಆ ಚಿತ್ರವನ್ನು ನೋಡಿದವರು ಈಗಲೂ ಚರ್ಚಿಸುತ್ತಾರೆ. ಅವಳಿಗೆ ಚರ್ಚೆಯಿರಲಿಲ್ಲ. ಸರೋವರದಿಂದ ಎದ್ದು ಬರುವ ಕೌರವನನ್ನು ಅವಳು ಎಷ್ಟೋ ಸಲ ನೋಡಿದ್ದಳು.

ಮರುದಿನ ಮಧ್ಯಾಹ್ನ ವಿದ್ಯುತ್ತು ಬಂದಾಗ, ನಿಂತಲ್ಲಿಂದಲೇ ಮುಂದುವರಿಸೋಣವೆಂದು ನಾನು ಹೇಳಿದೆನು. ಅವಳು ಒಪ್ಪಲಿಲ್ಲ. ಚಿತ್ರವನ್ನು ಹಿಂದಕ್ಕೆ, ಆ ರೈಲಿನ ರಾತ್ರಿಗೇ ಒಯ್ಯಬೇಕೆಂದಳು. ಚಾಪೆಯನ್ನು ತಂದು ಹಾಸಿ, ಗೋಡೆಗೆ ಒರಗಿ, ಕಂಬಳಿಯ ಒಂದು ಮಡಿಕೆಯನ್ನು ಕಾಲಿನ ಮೇಲೆ ಎಳೆದುಕೊಂಡಳು. ಹೊರಗೆ ಅಂಗಳದಲ್ಲಿ ಮಳೆ ಮತ್ತೆ ಹಿಡಿಯಿತು. ಕಾಡಿನ ತಿರುವಿನಲ್ಲಿ ದೀಪವು ಹುಟ್ಟಿ, ಮರದ ನೆರಳುಗಳು ಮುಸುಕಿನ ಮನುಷ್ಯರ ಮೇಲೆ ಮೆಲ್ಲಮೆಲ್ಲನೆ ಸರಿಯತೊಡಗಿದುವು.